ಹದವೂ ಲೆಕ್ಕವೂ

ಹುನಗುಂದ ತಾಲ್ಲೂಕಿನ ರಾಮಥಾಳವೆಂಬ ಗ್ರಾಮದ ಹೆಸರನ್ನು ನಗರವಾಸಿಗಳಾದ ಶ್ರೋತೃಗಳಲ್ಲಿ ಬಹುಮಂದಿ ಕೇಳಿರಲಾರರು. ಆ ಸೀಮೆಯ ಐಹೊಳೆಯ ಗುಡಿಗಳನ್ನು ಕಂಡುಬಂದವರು ಅನೇಕರಿದ್ದಾರೆ; ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮಕ್ಕೆ ಹೋಗಿಬಂದವರೂ ಇಳಕಲ್ಲಿನ ಸೀರೆಯನ್ನು ಕೊಂಡವರೂ ಇದ್ದಾರೆ. ಆದರೆ ಈ ಊರುಗಳ ನಡುವೆ ಹಾಸಿಕೊಂಡಿರುವ ಕರಿಯ ನೆಲದಲ್ಲಿ ಒಂದು ಗಳಿಗೆ ನಿಂತು, ಅದನ್ನು ಉತ್ತು ಬಾಳುವವರು ಯಾವ ನಿರ್ಣಯವನ್ನು ಯಾವ ಆಧಾರದಿಂದ ಮಾಡುತ್ತಾರೆಂದು ಯೋಚಿಸಿದವರು ವಿರಳ. ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಅದನ್ನೇ. ಮನುಷ್ಯನು ಒಂದು ಕಾರ್ಯವನ್ನು ನಿಶ್ಚಯಿಸುವಾಗ ಒಳಗಿನಿಂದ ತಾನಾಗಿ ಹೊಳೆಯುವ ತಿಳಿವಿಗೂ, ಕೂಡಿಸಿ ಕಳೆದು ತರ್ಕಮಾಡಿ ಪಡೆಯುವ ತಿಳಿವಿಗೂ ಇರುವ ಸಂಬಂಧವೇನು? ಎರಡರಲ್ಲಿ ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬಹುದು. ಆದರೆ ನಿರ್ಣಯ ತಪ್ಪಿದರೆ ಪ್ರಾಣಕ್ಕೇ ಎರವಾಗುವಂಥ ಸ್ಥಳದಲ್ಲಿ ಅದು ಹೇಗೆ ಎದುರಾಯಿತೆಂಬುದನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ನೆಲದ ಸ್ವಭಾವವನ್ನು ತಿಳಿಯೋಣ. ಸಹ್ಯಾದ್ರಿಯು ಪಡುವಣ ಮೋಡಗಳ ನೀರನ್ನು ತಾನೇ ತಡೆದುಕೊಂಡು, ಅಳಿದುಳಿದುದನ್ನು ಮಾತ್ರ ಮೂಡಣ ಬಯಲಿಗೆ ಬಿಡುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರಿನ ಆಚೆ ಈಚೆ. ಅದೂ ಒಂದು ವರ್ಷ ಬಂದಂತೆ ಮತ್ತೊಂದು ವರ್ಷ ಬಾರದು. ನೆಲದಲ್ಲಿ ಮುಖ್ಯವಾಗಿ ಎರಡು ಬಗೆ: ಕೆಂಪಾದ ಮಸಾರಿ, ಕಪ್ಪಾದ ಎರೆ. ಎರೆಯ ನೆಲವು ನೀರನ್ನು ಕುಡಿದು ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಬಿತ್ತಿದ ಮೇಲೆ ಬೀಳುವ ಮಳೆಯನ್ನು ಅಷ್ಟಾಗಿ ನೆಚ್ಚುವುದಿಲ್ಲ; ನೆಲವು ಅದಕ್ಕೆ ಮೊದಲೇ ಒಡಲಲ್ಲಿ ಕೂಡಿಟ್ಟುಕೊಂಡ ತೇವದಿಂದ ಬೆಳೆಯುತ್ತವೆ. ಆದುದರಿಂದ ಇಡೀ ವರ್ಷದ ಅನ್ನವು ಉತ್ತರಿ ಹಸ್ತ ಮಳೆಗಳ ನಡುವಣ ಕೆಲವೇ ದಿನಗಳನ್ನು ಅವಲಂಬಿಸಿರುತ್ತದೆ. ಒಂದೆರಡು ದಿನ ಮುಂಚೆ ಹೊಲಕ್ಕಿಳಿದರೆ ಕೆಸರು ಕೂರಿಗೆಗೆ ಮೆತ್ತಿಕೊಂಡು ಬೀಜ ಸರಿಯಾಗಿ ಇಳಿಯದು. ನಾಲ್ಕು ದಿನ ತಡೆದರೆ ಮೇಲ್ಮಣ್ಣು ಆರಿ ಮೊಳಕೆ ಬಾರದು.

ಈ ನಡುವಣ ಸ್ಥಿತಿಗೆ ನಮ್ಮ ಭಾಷೆಯಲ್ಲಿ ಒಂದು ಚಿಕ್ಕ ಮಾತಿದೆ: ಹದ. ಒಕ್ಕಲಿಗನು ಹೊಲದ ನಡುವೆ ಕುಳಿತು ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣನ್ನು ತೆಗೆದು ಅಂಗೈಯಲ್ಲಿ ಅದುಮಿ ಉಂಡೆಮಾಡಿ ನೋಡುತ್ತಾನೆ. ಉಂಡೆ ಕಟ್ಟಬೇಕು, ಆದರೆ ಕೈಬಿಟ್ಟರೆ ಒಡೆಯಬೇಕು. ಆತನನ್ನು ಕೇಳಿದರೆ “ಇನ್ನೂ ಹದ ಬಂದಿಲ್ಲರಿ” ಎಂದಾನು, ಅಥವಾ “ನಾಳೆ ಕೂರಿಗಿ ಹೂಡಬೇಕರಿ” ಎಂದಾನು. ನೂರರಲ್ಲಿ ಎಷ್ಟು ಪಾಲು ತೇವವಿದೆಯೆಂದು ಕೇಳಿದರೆ ಅವನಿಗೆ ಉತ್ತರ ತಿಳಿಯದು, ಆದರೂ ನಿರ್ಣಯವಾಗಿರುತ್ತದೆ. ಬೆರಳಿಗೆ ತಾಗಿದ ತಂಪು, ಮಣ್ಣಿನ ಬಣ್ಣ, ಅದರ ವಾಸನೆ, ಗಾಳಿ ಬೀಸುವ ದಿಕ್ಕು, ಎತ್ತಿನ ಗೊರಸು ಒತ್ತಿದ ಗುರುತು, ಇವೆಲ್ಲವೂ ಒಂದೇ ಕ್ಷಣದಲ್ಲಿ ಕೂಡಿ ಒಂದು ತೀರ್ಮಾನವಾಗಿ ಅವನಿಗೆ ತೋರುತ್ತವೆ. ಅಂತಃಪ್ರಜ್ಞೆಯೆಂದು ವಿದ್ವಾಂಸರು ಕರೆಯುವುದು ಇದನ್ನೇ ಅಲ್ಲವೆ?

ನಮ್ಮ ಪೂರ್ವಿಕರು ಈ ಬಗೆಯ ಅರಿವನ್ನು ಅಲಕ್ಷಿಸಿದವರಲ್ಲ. ಪ್ರಾತಿಭಜ್ಞಾನವೆಂಬ ಹೆಸರಿನಿಂದ ನ್ಯಾಯ ವೈಶೇಷಿಕ ದರ್ಶನಗಳಲ್ಲಿ ಅದರ ಚರ್ಚೆಯಿದೆ. ನಾಳೆ ಅಣ್ಣನು ಬರುತ್ತಾನೆಂದು ಬಾಲಿಕೆಯೊಬ್ಬಳ ಹೃದಯಕ್ಕೆ ತೋರುವುದೇ ಅಲ್ಲಿ ಕೊಡುವ ಪ್ರಸಿದ್ಧವಾದ ಉದಾಹರಣೆ. ಅದು ಪ್ರಮಾಣವೋ ಅಲ್ಲವೋ? ಒಂಬತ್ತನೆಯ ಶತಮಾನದ ಕಾಶ್ಮೀರದ ಜಯಂತಭಟ್ಟನು ತನ್ನ ‘ನ್ಯಾಯಮಂಜರಿ’ಯಲ್ಲಿ ಈ ಪ್ರಶ್ನೆಯನ್ನೆತ್ತಿ, ಸಂಶಯವಿಲ್ಲದೆ ಹುಟ್ಟಿ ಮುಂದೆಯೂ ಬಾಧಿತವಾಗದ ಜ್ಞಾನವನ್ನು ಅಪ್ರಮಾಣವೆಂದು ತಳ್ಳಲು ಕಾರಣವಿಲ್ಲವೆಂದು ವಾದಿಸಿದನು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೃದಯಕ್ಕೆ ತೋರಿದ ಮಾತ್ರಕ್ಕೆ ಅದು ನಿಜವೆಂದು ಆತನು ಹೇಳಲಿಲ್ಲ. ಬೆಳಗಾದ ಮೇಲೆ ಅಣ್ಣನು ನಿಜವಾಗಿ ಬರಬೇಕು. ತೋರಿದ ತಿಳಿವು ಲೋಕದ ಮುಂದೆ ನಿಂತು ಉತ್ತರ ಹೇಳಬೇಕು.

ನಮ್ಮ ಕಾಲದ ಮನಶ್ಶಾಸ್ತ್ರಜ್ಞರೂ ಬೇರೊಂದು ದಾರಿಯಿಂದ ಇದೇ ಸ್ಥಳಕ್ಕೆ ಬಂದು ಸೇರಿದ್ದಾರೆ. ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ಚದುರಂಗದ ನಿಪುಣರನ್ನು ಪರೀಕ್ಷಿಸಿ, ಅವರ ಕ್ಷಣಮಾತ್ರದ ಹೊಳಹಿನಲ್ಲಿ ಮಾಯೆಯೇನೂ ಇಲ್ಲವೆಂದೂ, ಸಾವಿರಾರು ಸಲ ಕಂಡ ವಿನ್ಯಾಸಗಳನ್ನು ಮತ್ತೆ ಕಂಡೊಡನೆ ಗುರುತಿಸುವ ಶಕ್ತಿಯೇ ಅದೆಂದೂ ತೋರಿಸಿದರು. ೨೦೦೯ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಕೂಡಿ ಒಂದು ಲೇಖನವನ್ನು ಬರೆದರು. ಮೊದಲನೆಯವರು ಅಂತಃಪ್ರಜ್ಞೆಯ ತಪ್ಪುಗಳನ್ನು ಬಯಲಿಗೆ ತಂದವರು. ಎರಡನೆಯವರು ಬೆಂಕಿಯಾರಿಸುವ ದಳದ ನಾಯಕರಲ್ಲಿ ಅದರ ಸಾಮರ್ಥ್ಯವನ್ನು ಕಂಡವರು. ಪ್ರತಿಪಕ್ಷಿಗಳಾದ ಇವರಿಬ್ಬರೂ ಒಪ್ಪಿದ ಸಂಗತಿಯೆಂದರೆ, ಅಂತಃಪ್ರಜ್ಞೆಯನ್ನು ನಂಬಲು ಎರಡು ನಿಬಂಧನೆಗಳು ಬೇಕು: ಸುತ್ತಣ ಲೋಕವು ಒಂದು ಕ್ರಮದಲ್ಲಿ ನಡೆಯುವಂಥದಾಗಿರಬೇಕು, ತಾನು ಮಾಡಿದ ನಿರ್ಣಯದ ಫಲವು ಮನುಷ್ಯನಿಗೆ ಬೇಗನೆ, ತಪ್ಪದೆ ತಿಳಿದುಬರುತ್ತಿರಬೇಕು. ಮಣ್ಣಿನ ಹದವನ್ನು ಬಲ್ಲ ಕೈಗೆ ಈ ಎರಡೂ ದೊರೆತಿವೆ. ಬಿತ್ತಿದ ಕೆಲವು ದಿನಗಳೊಳಗೆ ಮೊಳಕೆಯು ಅದಕ್ಕೆ ಉತ್ತರ ಕೊಡುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ನೆಲದಿಂದ ತಿದ್ದಿಸಿಕೊಂಡ ಕೈ ಅದು.

ಆದರೆ ಆ ಕೈಗೆ ಮುಂದಿನ ತಿಂಗಳ ಮಳೆ ತಿಳಿಯದು. ನೆಲದ ಹದ ಬೇರೆ, ಆಕಾಶದ ಮನಸ್ಸು ಬೇರೆ. ಮಳೆಯ ವಿಷಯದಲ್ಲಿ ಮೊದಲನೆಯ ನಿಬಂಧನೆಯೇ ಸಲ್ಲುವುದಿಲ್ಲ. ಕ್ರಮವಿಲ್ಲದುದನ್ನು ಎಷ್ಟು ವರ್ಷ ನೋಡಿದರೂ ಗುರುತಿಸುವುದೆಂತು? ಈ ಸೂಕ್ಷ್ಮವನ್ನು ಆ ಸೀಮೆಯ ಒಕ್ಕಲು ಬಹು ಹಿಂದೆಯೇ ಅರಿತಿತ್ತೆಂಬುದಕ್ಕೆ ಸಾಕ್ಷ್ಯವಿದೆ. ಒಂದೇ ಬೆಳೆಯನ್ನು ನೆಚ್ಚದೆ ಸಾಲುಗಳ ನಡುವೆ ಅಕ್ಕಡಿಯಾಗಿ ಬೇರೆ ಬೀಜವನ್ನು ಬಿತ್ತುವ ಪದ್ಧತಿ ಒಂದು. ಸುಗ್ಗಿ ಚೆನ್ನಾಗಿ ಬಂದ ವರ್ಷ ಜೋಳವನ್ನು ನೆಲದೊಳಗಣ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ, ಬಾರದ ವರ್ಷಕ್ಕೆಂದು ಕಾದಿಡುವ ಪದ್ಧತಿ ಮತ್ತೊಂದು. ಹಗೇವಿನ ಗಾತ್ರವನ್ನು ನಿಶ್ಚಯಿಸಿದುದು ಹೊಳಹಲ್ಲ, ಲೆಕ್ಕ: ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ಕೂಲಿಗೆ ಅಳೆಯಬೇಕಾದುದೆಷ್ಟು, ಬೀಜಕ್ಕೆ ಎಷ್ಟು, ಮಳೆ ಎಷ್ಟು ವರ್ಷ ತಪ್ಪಬಹುದು ಎಂಬ ಲೆಕ್ಕ. ಆದುದರಿಂದ ಹಳ್ಳಿಯದು ಅಂತಃಪ್ರಜ್ಞೆ, ಪಟ್ಟಣದ್ದು ತರ್ಕ ಎಂದು ವಿಂಗಡಿಸುವುದು ಸರಿಯಲ್ಲ. ಬಿತ್ತನೆಯ ದಿನವನ್ನು ಕೈಗೆ ಬಿಟ್ಟು, ಬರದ ಭಯವನ್ನು ಲೆಕ್ಕಕ್ಕೆ ಬಿಟ್ಟ ಆ ಒಕ್ಕಲಿಗನು ಎರಡನ್ನೂ ಬಲ್ಲವನಾಗಿದ್ದನು.

ಈ ಏರ್ಪಾಡು ಸಾಲದೆಹೋದ ಕಾಲಗಳೂ ಇವೆ. ೧೭೯೧-೯೨ರ ಸುಮಾರಿನಲ್ಲಿ ಬಂದ ಮಹಾಕ್ಷಾಮವನ್ನು ಆ ಕಡೆಯ ಜನ ಡೋಗಿ ಬರವೆಂದು ಕರೆದರು. ಹೂಳುವವರಿಲ್ಲದೆ ಬಯಲಿನಲ್ಲಿ ಬಿದ್ದಿದ್ದ ತಲೆಬುರುಡೆಗಳಿಂದ ಬಂದ ಹೆಸರದು. ಅದಾದ ಎಂಬತ್ತೈದು ವರ್ಷಗಳಿಗೆ ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. ನಾವು ಈ ದಿನ ಮುಖ್ಯವಾಗಿ ಹೇಳಬೇಕಾದ ಕಥೆ ಇಲ್ಲಿಂದ ಮೊದಲಾಗುತ್ತದೆ.

೧೮೭೬ರಲ್ಲಿ ಮುಂಗಾರಿಯೂ ಹಿಂಗಾರಿಯೂ ಎರಡೂ ಕೈಕೊಟ್ಟವು. ಹುನಗುಂದ, ಬಾದಾಮಿ, ಬಾಗಲಕೋಟೆಗಳು ಅಂದು ಬೊಂಬಾಯಿ ಆಧಿಪತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಪೂನಾ, ಸೊಲ್ಲಾಪುರಗಳಿಂದ ಹಿಡಿದು ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿಗಳನ್ನು ದಾಟಿ ನಮ್ಮ ಮೈಸೂರು ಸೀಮೆಯವರೆಗೂ ಕ್ಷಾಮವು ಹಬ್ಬಿತು. ಧಾನ್ಯದ ಬೆಲೆ ಏರಿತು. ಹೊಲದಲ್ಲಿ ಕೆಲಸವಿಲ್ಲದುದರಿಂದ ಕೂಲಿ ಇಲ್ಲವಾಯಿತು. ಕಲಾದಗಿಯ ಕಡೆಗೆ ಅಂದು ರೈಲುದಾರಿಯೂ ಇರಲಿಲ್ಲ. ಹೊಟಗಿಯಿಂದ ಬಿಜಾಪುರ, ಬಾಗಲಕೋಟೆಗಳ ಮೇಲೆ ಗದಗಕ್ಕೆ ಹೋಗುವ ದಾರಿ ತೆರೆದುದು ಬರ ಕಳೆದ ಮೇಲೆ, ೧೮೮೪ರಲ್ಲಿ. ಎತ್ತಿನ ಗಾಡಿಯಲ್ಲಿ ಧಾನ್ಯ ತರಬೇಕೆಂದರೆ ಎತ್ತುಗಳಿಗೆ ಮೇವಿಲ್ಲ, ಕುಡಿಯಲು ನೀರಿಲ್ಲ. ಸರ್ಕಾರದವರು ರಸ್ತೆ, ಕೆರೆಗಳ ಕಾಮಗಾರಿಗಳನ್ನು ತೆರೆದು ದುಡಿದವರಿಗೆ ಕೂಲಿ ಕೊಡಲು ಪ್ರಾರಂಭಿಸಿದರು.

ಆ ಕೂಲಿ ಎಷ್ಟಿರಬೇಕು? ಈ ನಿರ್ಣಯದ ಮೇಲೆ ಲಕ್ಷಾಂತರ ಜನರ ಪ್ರಾಣ ನಿಂತಿತ್ತು. ೧೮೭೭ರ ಜನವರಿಯಲ್ಲಿ ಗವರ್ನರ್ ಜನರಲ್ ಲಿಟ್ಟನ್ನರು ಸರ್ ರಿಚರ್ಡ್ ಟೆಂಪಲ್ ಎಂಬ ಅನುಭವಸ್ಥ ಅಧಿಕಾರಿಯನ್ನು ಕ್ಷಾಮದ ಪ್ರತಿನಿಧಿಯಾಗಿ ಮದರಾಸು ಬೊಂಬಾಯಿಗಳಿಗೆ ಕಳುಹಿಸಿದರು. ಈತನು ೧೮೭೩-೭೪ರ ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಹೇರಳವಾಗಿ ಅಕ್ಕಿ ತರಿಸಿ ಜನರನ್ನು ಉಳಿಸಿದ್ದನು. ಅಲ್ಲಿ ಹಸಿವಿನಿಂದ ಸತ್ತವರು ಅತಿ ಕಡಮೆ. ಆದರೆ ಇಂಗ್ಲೆಂಡಿನಲ್ಲಿ ಆತನಿಗೆ ಬಂದುದು ಹೊಗಳಿಕೆಯಲ್ಲ, ದುಂದುವೆಚ್ಚದ ದೂರು. ಈ ಸಲ ಆತನು ಮಿತವ್ಯಯವನ್ನೇ ಗುರಿಯಾಗಿಟ್ಟುಕೊಂಡು ಬಂದು, ದಿನವೆಲ್ಲ ದುಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು ೪೫೦ ಗ್ರಾಮು, ಮತ್ತು ಅದರ ಮೇಲೆ ಒಂದಾಣೆ ಎಂದು ಗೊತ್ತುಮಾಡಿದನು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಮೆ. ಚರಿತ್ರೆಯಲ್ಲಿ ಇದಕ್ಕೆ ಟೆಂಪಲ್ ಕೂಲಿಯೆಂಬ ಹೆಸರು ನಿಂತಿತು.

ನೋಡುವವರಿಗೆ ಇದು ಶುದ್ಧ ಗಣಿತವೆಂದೇ ತೋರುತ್ತದೆ. ಒಂದು ಪೌಂಡು ಎಂಬುದು ಸ್ಪಷ್ಟವಾದ ಅಂಕೆ. ಅದನ್ನು ಜನಸಂಖ್ಯೆಯಿಂದ ಗುಣಿಸಿದರೆ ದಿನದ ವೆಚ್ಚ, ದಿನಗಳಿಂದ ಗುಣಿಸಿದರೆ ಬರದ ವೆಚ್ಚ. ಆದರೆ ಮೊದಲನೆಯ ಆ ಒಂದು ಪೌಂಡು ಎಲ್ಲಿಂದ ಬಂದಿತು? ಕಲ್ಲೊಡೆಯುವ ಮನುಷ್ಯನಿಗೆ ಅಷ್ಟು ಸಾಕೆಂದು ಯಾರೂ ಮೊದಲು ತೂಗಿ ನೋಡಿರಲಿಲ್ಲ. ಪ್ರಯೋಗವೇ ಬಡವರ ದೇಹದ ಮೇಲೆ ನಡೆಯಬೇಕಾಗಿತ್ತು. ನಿಜವಾಗಿ ವಿಚಾರಿಸಿದರೆ, ಅದೂ ಒಂದು ಊಹೆಯೇ, ಖಜಾನೆಯ ಭಯದಿಂದ ಹುಟ್ಟಿದ ಊಹೆ. ಅಂಕೆಯ ಉಡುಪನ್ನು ತೊಟ್ಟುಕೊಂಡುದರಿಂದ ತರ್ಕದಂತೆ ಕಾಣಿಸಿತು. ಇಂಥ ವೇಷವನ್ನು ಗುರುತಿಸುವುದು ಕಠಿನ. ಒಳಗಿನ ಹೊಳಹನ್ನು ಹೊಳಹೆಂದೇ ಹೇಳಿದರೆ ಜನ ಸಂಶಯಪಟ್ಟು ಪರೀಕ್ಷಿಸುತ್ತಾರೆ. ಅದನ್ನೇ ಅಂಕೆಯಾಗಿ ಬರೆದರೆ ತಲೆಬಾಗಿಸುತ್ತಾರೆ.

ಇದಕ್ಕೆ ಪ್ರತಿಯಾಗಿ ನಿಂತವನು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್. ವೈದ್ಯನಾದುದರಿಂದ ಸೊರಗುತ್ತಿರುವ ದೇಹದ ಲಕ್ಷಣಗಳು ಆತನ ಕಣ್ಣಿಗೆ ಪರಿಚಿತವಾಗಿದ್ದವು. ಆದರೆ ಆತನು ಕಣ್ಣಿಗೆ ಕಂಡುದಷ್ಟರಿಂದಲೇ ತೃಪ್ತನಾಗಲಿಲ್ಲ. ಶರೀರಶಾಸ್ತ್ರದ ಆಧಾರದಿಂದ, ದುಡಿಯುವವನಿಗೆ ಕಡಮೆಯೆಂದರೆ ಒಂದೂವರೆ ಪೌಂಡು ಧಾನ್ಯವೂ, ಅದರೊಡನೆ ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದನು. ಬೊಂಬಾಯಿ ಆಧಿಪತ್ಯದಲ್ಲಿ ಸಾವಿರಾರು ಮಂದಿ ಕೂಲಿಗಳು ಹೊಸ ಅಳತೆಯನ್ನು ಒಪ್ಪದೆ ಕಾಮಗಾರಿಗಳನ್ನು ಬಿಟ್ಟು ಹೊರಟರು. ಪೂನಾ ಸಾರ್ವಜನಿಕ ಸಭೆಯವರು ಜನರ ಸ್ಥಿತಿಯನ್ನು ವಿಚಾರಿಸಿ ಸರ್ಕಾರಕ್ಕೆ ಬರೆದರು. ಮದರಾಸು ಸರ್ಕಾರವು ೧೮೭೭ರಲ್ಲಿಯೇ ಅಳತೆಯನ್ನು ಕಾರ್ನಿಷನು ಹೇಳಿದ ಮಟ್ಟದ ಕಡೆಗೆ ಅರ್ಧ ದಾರಿಯಷ್ಟು ಏರಿಸಿ, ಸ್ವಲ್ಪ ಬೇಳೆಯನ್ನೂ ಸೇರಿಸಿತು.

ಕ್ಷಾಮ ಕಳೆದ ಮೇಲೆ ನಡೆದ ಜನಗಣತಿಯು ಆ ದಿನಗಳ ನಿರ್ಣಯಗಳಿಗೆಲ್ಲ ನೆಲವು ಕೊಟ್ಟ ಉತ್ತರ. ೧೮೭೨ರಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಎಂಟು ಲಕ್ಷವನ್ನು ದಾಟಿದ್ದಿತು. ೧೮೮೧ರಲ್ಲಿ ಅದು ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿದಿದ್ದಿತು. ಮೈಸೂರು ಸಂಸ್ಥಾನದಲ್ಲಿ ೧೮೭೧ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಜನ, ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷ. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿಯೇ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಸರ್ಕಾರದ ಆಯೋಗವೇ ಅಂದಾಜು ಮಾಡಿತು. ಇವರೆಲ್ಲರ ಸಾವಿಗೂ ಒಂದು ಪೌಂಡಿನ ಕೂಲಿಯೇ ಕಾರಣವೆಂದು ನಾವು ಹೇಳುವುದಿಲ್ಲ. ಜ್ವರ ಕಾಲರಾಗಳಿಂದ ಸತ್ತವರುಂಟು, ಊರು ಬಿಟ್ಟುಹೋದವರುಂಟು, ಕಾಮಗಾರಿಯ ಸ್ಥಳವನ್ನು ಮುಟ್ಟಲಾರದೆ ದಾರಿಯಲ್ಲಿ ಬಿದ್ದವರುಂಟು. ಆದರೆ ಹೊಟ್ಟೆಗೆ ಸಾಲದ ದೇಹವು ರೋಗಕ್ಕೆ ಎದುರುನಿಲ್ಲಲಾರದೆಂಬುದೂ, ನಿರ್ಣಯ ಮಾಡಿದವರಿಗೆ ಅದರ ಫಲವು ಮುಟ್ಟುವ ವೇಳೆಗೆ ತಿದ್ದಿಕೊಳ್ಳುವ ಕಾಲವು ಮೀರಿತ್ತೆಂಬುದೂ ನಿಶ್ಚಯ. ಹೊಲದಲ್ಲಿ ಮೊಳಕೆಯು ಕೆಲವೇ ದಿನಗಳಲ್ಲಿ ಹೇಳುವ ಉತ್ತರವನ್ನು, ಇಲ್ಲಿ ಜನಗಣತಿಯು ನಾಲ್ಕು ವರ್ಷಗಳ ಮೇಲೆ ಹೇಳಿತು.

ಈ ಪಾಠವು ಸಂಪೂರ್ಣವಾಗಿ ವ್ಯರ್ಥವಾಗಲಿಲ್ಲ. ೧೮೭೮ರಲ್ಲಿ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮದ ಆಯೋಗವು ನೇಮಕವಾಗಿ, ೧೮೮೦ರಲ್ಲಿ ವರದಿಯನ್ನು ಒಪ್ಪಿಸಿತು. ೧೮೮೩ರಿಂದ ಮುಂದೆ ಕ್ಷಾಮಸಂಹಿತೆಗಳು ರಚಿತವಾದವು. ಈ ಸಂಹಿತೆಗಳನ್ನು ಒಣ ಕಾನೂನುಗಳೆಂದು ಓದುವವರಿಗೆ ಅವುಗಳಲ್ಲಿ ಅಡಗಿರುವ ಒಂದು ವಿಶೇಷವು ತೋರದು. ಬರವು ಹತ್ತಿರವಾಯಿತೆಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಅವು ಕೊಟ್ಟ ಉತ್ತರಗಳನ್ನು ನೋಡಿರಿ. ಧಾನ್ಯದ ಬೆಲೆ ಅಕಾಲದಲ್ಲಿ ಏರುವುದು, ಸಾಹುಕಾರರು ಸಾಲ ಕೊಡಲು ಹಿಂಜರಿಯುವುದು, ಜನ ಗುಂಪುಗಟ್ಟಿಕೊಂಡು ಕೂಲಿಗಾಗಿ ಊರೂರು ಅಲೆಯುವುದು, ಭಿಕ್ಷುಕರು ಹೆಚ್ಚುವುದು, ಸಣ್ಣಪುಟ್ಟ ಕಳವುಗಳು ಏರುವುದು. ಈ ಲಕ್ಷಣಗಳನ್ನು ಯಾವ ಪಂಡಿತನೂ ತರ್ಕದಿಂದ ಹುಟ್ಟಿಸಲಿಲ್ಲ. ಹಳ್ಳಿಯ ಗೌಡ ಕುಲಕರ್ಣಿಗಳಿಗೂ, ಸಂತೆಯಲ್ಲಿ ಕುಳಿತ ವ್ಯಾಪಾರಿಗೂ “ಈ ವರ್ಷ ಏನೋ ಸರಿಯಿಲ್ಲ” ಎಂದು ಎದೆಗೆ ತೋರುವುದು ಇಂಥವುಗಳಿಂದಲೇ. ಆ ಎದೆಯ ಮಾತನ್ನು ಬಿಡಿಬಿಡಿಯಾಗಿ ಬಿಚ್ಚಿ, ಲೆಕ್ಕ ಇಡಬಹುದಾದ ಸಂಗತಿಗಳಾಗಿ ಬರೆದುದೇ ಸಂಹಿತೆ. ಅಂತಃಪ್ರಜ್ಞೆಯು ತಂದ ಸಾಕ್ಷ್ಯವನ್ನು ತರ್ಕವು ದಾಖಲೆಗೆ ಏರಿಸಿಕೊಂಡಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಂಹಿತೆಯು ಪರೀಕ್ಷಾ ಕಾಮಗಾರಿಗಳನ್ನು ತೆರೆಯಬೇಕೆಂದು ವಿಧಿಸಿತು. ಕ್ಷಾಮವಿದೆಯೆ ಇಲ್ಲವೆ ಎಂದು ಕಚೇರಿಯಲ್ಲಿ ಕುಳಿತು ವಾದಿಸುವುದರ ಬದಲು ಒಂದು ಕೆಲಸವನ್ನು ತೆರೆದು ನೋಡುವುದು. ಕಡಮೆ ಕೂಲಿಗೂ ಜನ ಗುಂಪಾಗಿ ಬಂದರೆ ಸಂಕಟ ನಿಜ. ಮಣ್ಣನ್ನು ಹಿಡಿದು ಉಂಡೆಮಾಡಿ ನೋಡುವ ಒಕ್ಕಲಿಗನ ಕೈಯನ್ನೇ ಇದು ನೆನಪಿಗೆ ತರುವುದಿಲ್ಲವೆ? ದೋಷವಿಲ್ಲದ ಉಪಾಯ ಇದೆಂದಲ್ಲ. ವೃದ್ಧನು ಕಲ್ಲೊಡೆಯಲು ಬಾರನು. ಇಳಕಲ್ಲಿನ ನೇಕಾರನು ಬಂದರೆ ಅವನ ಬೆರಳುಗಳು ಮತ್ತೆ ಮಗ್ಗಕ್ಕೆ ಒಗ್ಗುವುದು ಕಷ್ಟ. ಬರೆದಿಟ್ಟ ಸಂಹಿತೆಯಿದ್ದರೂ ೧೮೯೯-೧೯೦೦ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಆದರೆ ಬಗೆ ಸರಿಯಾಗಿತ್ತು. ೧೯೭೨-೭೩ರಲ್ಲಿ ಮಹಾರಾಷ್ಟ್ರಕ್ಕೆ ಘೋರವಾದ ಬರ ಬಂದಾಗ ಇದೇ ಬಗೆಯ ಕಾಮಗಾರಿಗಳು ಒಂದು ಹಂತದಲ್ಲಿ ದಿನಕ್ಕೆ ಸುಮಾರು ಐವತ್ತು ಲಕ್ಷ ಜನರಿಗೆ ಕೆಲಸ ಕೊಟ್ಟು, ಬರವು ಮಹಾಮೃತ್ಯುವಾಗದಂತೆ ತಡೆದವು.

ಇಷ್ಟರವರೆಗೆ ನಾವು ಅಧಿಕಾರಿಗಳ ಅಂಕೆಯನ್ನು ಆಕ್ಷೇಪಿಸಿ ಒಕ್ಕಲಿಗನ ಕೈಯನ್ನು ಹೊಗಳಿದೆವೆಂದು ಕೆಲವರಿಗೆ ತೋರಬಹುದು. ನ್ಯಾಯವಾಗಿ ನಡೆದುಕೊಳ್ಳಬೇಕಾದರೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ೧೯೩೦ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ದೂರದ ರೋಹ್ತಕ್ ಎಂಬ ಸ್ಥಳಗಳಲ್ಲಿ ಒಣ ಬೇಸಾಯದ ಸಂಶೋಧನ ಕೇಂದ್ರಗಳು ಸ್ಥಾಪಿತವಾದವು. ಬದು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಸಾಲುಗಳ ಅಂತರವನ್ನು ಹೆಚ್ಚಿಸಿ ಬೀಜವನ್ನು ಕಡಮೆಮಾಡುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು, ಇವೇ ಮೊದಲಾದ ಕ್ರಮಗಳು ಬೊಂಬಾಯಿಯ ಒಣ ಬೇಸಾಯದ ಪದ್ಧತಿಯೆಂಬ ಹೆಸರಿನಿಂದ ಬಂದವು. ಅವುಗಳಲ್ಲಿ ಹಲವು ರೈತನಿಗೆ ಮೊದಲೇ ತಿಳಿದಿದ್ದವು. ಹೊಸದಾಗಿ ಹೇಳಿದುದರಿಂದ ಬಂದ 증ಫಲವು ಸಾಧಾರಣವಾದುದರಿಂದ ರೈತರು ಎಲ್ಲವನ್ನೂ ಸ್ವೀಕರಿಸಲಿಲ್ಲ.

ಆದರೆ ಮುಂದಿನ ದಶಕಗಳಲ್ಲಿ ದಖ್ಖಣದ ಕರಿನೆಲದ ಕೇಂದ್ರಗಳಲ್ಲಿ ನಡೆದ ಪರೀಕ್ಷೆಗಳಿಂದ ಒಂದು ಮಹತ್ವದ ಸಂಗತಿ ಹೊರಬಿದ್ದಿತು. ಹಿಂಗಾರಿಯ ಜೋಳವನ್ನು ಅಕ್ಟೋಬರಿನವರೆಗೆ ಕಾಯದೆ ಸೆಪ್ಟೆಂಬರಿನ ನಡುವಿನಿಂದಲೇ ಬಿತ್ತಿದರೆ ಬೆಳೆಯು ನೆಲದ ತೇವವನ್ನು ಹೆಚ್ಚು ಕಾಲ ಉಂಡು ಹೆಚ್ಚು ಫಲ ಕೊಡುತ್ತದೆ. ತಲೆಮಾರುಗಳಿಂದ ಬಂದ ವಾಡಿಕೆಯು ಇಲ್ಲಿ ರೈತನಿಗೆ ನಷ್ಟವನ್ನುಂಟುಮಾಡುತ್ತಿತ್ತು. ಅದು ಅವನಿಗೆ ಕಾಣದೆಹೋಗಿತ್ತು. ಕಾರಣವೂ ಸ್ಪಷ್ಟ. ತಾನು ಬಿತ್ತಿದ ದಿನದ ಫಲ ಅವನಿಗೆ ತಿಳಿಯುತ್ತಿತ್ತು. ಬಿತ್ತದೆ ಬಿಟ್ಟ ದಿನದ ಫಲ ತಿಳಿಯುತ್ತಿರಲಿಲ್ಲ. ಎರಡು ತುಂಡು ಹೊಲಗಳನ್ನು ಪಕ್ಕಪಕ್ಕದಲ್ಲಿಟ್ಟು ಬೇರೆ ಬೇರೆ ದಿನ ಬಿತ್ತಿ ತೂಗಿ ನೋಡುವ ಸೌಕರ್ಯವು ಸಂಶೋಧನ ಕೇಂದ್ರಕ್ಕೆ ಇತ್ತು. ಒಂದೇ ಹೊಲವನ್ನು ನೆಚ್ಚಿದ ಸಂಸಾರಕ್ಕೆ ಇರಲಿಲ್ಲ. ಅನುಭವಕ್ಕೆ ಎಂದೂ ದೊರೆಯದ ಇಂಥ ಉತ್ತರವನ್ನು ತಂದುಕೊಡುವುದೇ ಶಾಸ್ತ್ರೀಯ ಲೆಕ್ಕದ ನಿಜವಾದ ಉಪಕಾರ.

ಹೀಗೆಂದು ಹಳೆಯ ವಾಡಿಕೆಯು ಕೇವಲ ಜಡತೆಯಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಜೋರಾಗಿ ಹಿಡಿದರೆ ಎರೆಯ ಹೊಲದಲ್ಲಿ ಕಾಲಿಡುವುದೇ ಅಸಾಧ್ಯ. ಮುಂಚಿತವಾಗಿ ಬಿತ್ತಿದ ಪೈರಿಗೆ ಸುಳಿನೊಣದ ಬಾಧೆಯೂ ಹೆಚ್ಚು. ಬೇಗ ಬಿತ್ತಲು ಹಿಂಜರಿದ ರೈತನಿಗೆ ಈ ಕಾರಣಗಳನ್ನು ಪಟ್ಟಿಮಾಡಿ ಹೇಳಲು ಬಾರದಿದ್ದಿರಬಹುದು. ಆದರೆ ಅವನ ಹಿಂಜರಿಕೆಯಲ್ಲಿ ಅವು ಸೇರಿದ್ದವು. ಹೇಳಲು ಬಾರದ ಕಾರಣವು ಕಾರಣವೇ ಅಲ್ಲವೆಂದು ತಿಳಿಯುವುದು ವಿದ್ಯಾವಂತರಾದ ನಮ್ಮಲ್ಲಿ ಸಾಮಾನ್ಯವಾದ ದೋಷ. ಬುದ್ಧಿವಂತನಾದ ಪರೀಕ್ಷಕನು ಆ ಹಿಂಜರಿಕೆಯನ್ನು ಕಂಡು ನಗುವುದಿಲ್ಲ. ಅದರೊಳಗೆ ಏನಿದೆಯೆಂದು ಕೇಳಿ, ನೊಣಕ್ಕೆ ಬೇರೆ ಉಪಾಯವನ್ನು ಹುಡುಕಿ, ಆಮೇಲೆ ದಿನವನ್ನು ಹಿಂದಕ್ಕೆ ತರಲು ಹೇಳುತ್ತಾನೆ.

ಈಗ ಮೊದಲು ಹೊರಟ ರಾಮಥಾಳಕ್ಕೆ ಹಿಂದಿರುಗೋಣ. ೨೦೧೦ರ ದಶಕದಲ್ಲಿ ಈ ಊರಿನ ಹೆಸರಿನಿಂದಲೇ ಒಂದು ದೊಡ್ಡ ಹನಿ ನೀರಾವರಿಯ ಯೋಜನೆ ನಿರ್ಮಿತವಾಯಿತು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರನ್ನು ಎತ್ತಿ, ನೆಲದೊಳಗಣ ಕೊಳವೆಗಳ ಮೂಲಕ ಸುಮಾರು ೨೪,೦೦೦ ಹೆಕ್ಟೇರು ಭೂಮಿಗೆ ಹನಿಹನಿಯಾಗಿ ಮುಟ್ಟಿಸುವುದು ಅದರ ಉದ್ದೇಶ. ಕಾಲುವೆಯಲ್ಲಿ ಹರಿಯಬಿಟ್ಟರೆ ಆವಿಯಾಗಿ, ಇಂಗಿ, ಉಕ್ಕಿ ಹಾಳಾಗುವ ನೀರನ್ನು ಬೇರಿನ ಬುಡಕ್ಕೇ ಕೊಡುವುದು ಲೆಕ್ಕದ ದೃಷ್ಟಿಯಿಂದ ಅತ್ಯಂತ ಯುಕ್ತವಾದ ಉಪಾಯ. ಡೋಗಿ ಬರವನ್ನೂ ಧಾತು ಈಶ್ವರದ ಬರವನ್ನೂ ಕಂಡ ನೆಲಕ್ಕೆ ನೀರು ಬರುವುದೆಂದರೆ ಅದನ್ನು ಬೇಡವೆನ್ನುವವರಾರು?

ಆದರೆ ನೀರಿನೊಡನೆ ಒಂದು ಹೊಸ ಪ್ರಶ್ನೆಯೂ ಬರುತ್ತದೆ. ಮಳೆಯ ಹದವನ್ನು ಬಲ್ಲ ಕೈಗೆ ಕೊಳವೆಯ ಹದ ತಿಳಿಯದು. ಎರೆಯ ನೆಲಕ್ಕೆ ಹನಿಯಿಂದ ಎಷ್ಟು ನೀರು ಸಾಕು, ಜೋಳದ ಬದಲು ಯಾವ ಬೆಳೆ ಲಾಭಕರ, ಪಕ್ಕದ ಹೊಲದವನು ತನ್ನ ಸರದಿಯನ್ನು ಬಿಟ್ಟರೆ ಏನಾದೀತು, ಇವುಗಳಲ್ಲಿ ಒಂದಕ್ಕೂ ತಂದೆಯ ಅಜ್ಜನ ಅನುಭವವು ಉತ್ತರ ಹೇಳದು. ಕೊಳವೆಯನ್ನು ಅಳೆದು ಹಾಕಿದ ಎಂಜಿನಿಯರಿಗೆ ನೀರಿನ ಒತ್ತಡ ಗೊತ್ತು. ಆ ಹೊಲದ ಮನೆತನಕ್ಕೆ ಯಾವ ತಿಂಗಳಲ್ಲಿ ಕೈಯಲ್ಲಿ ಹಣವಿರುತ್ತದೆ, ಯಾವ ತಿಂಗಳಲ್ಲಿ ಎಲ್ಲರೂ ಗುಳೆ ಹೋಗುತ್ತಾರೆ, ಎಂಬುದು ಗೊತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಕಡೆಯಲ್ಲಿ ನಿಪುಣರು, ಒಬ್ಬನು ಬಲ್ಲ ಸ್ಥಳದಲ್ಲಿ ಮತ್ತೊಬ್ಬನು ಹೊಸಬ. ಇಂಥಲ್ಲಿ ಒಬ್ಬನ ನಿರ್ಣಯವನ್ನು ಮತ್ತೊಬ್ಬನ ಮೇಲೆ ಹೇರಿದರೆ, ಒಂದು ಪೌಂಡಿನ ಕಥೆಯು ಬೇರೆ ರೂಪದಲ್ಲಿ ಮತ್ತೆ ಹುಟ್ಟುತ್ತದೆ. ಇಬ್ಬರೂ ಕೂಡಿ ಮೊದಲು ಒಂದು ಸಣ್ಣ ತುಂಡಿನಲ್ಲಿ ಮಾಡಿ ನೋಡಿ, ನೆಲವು ಹೇಳಿದುದನ್ನು ಕೇಳಿ ತಿದ್ದಿಕೊಳ್ಳುತ್ತ ಹೋದರೆ, ಹತ್ತು ಹದಿನೈದು ವರ್ಷಗಳಲ್ಲಿ ಕೊಳವೆಗೂ ಒಂದು ಹದವುಂಟೆಂದು ಆ ಸೀಮೆಯ ಕೈಗಳು ಕಲಿತಾವು.

ನಗರದಲ್ಲಿರುವ ನಮಗೆ ಈ ಕಥೆಯಿಂದ ಪ್ರಯೋಜನವೇನೆಂದು ಕೇಳಬಹುದು. ನಾವೂ ದಿನವೂ ನಿರ್ಣಯಿಸುವವರೇ. ರೋಗಿಯ ಮುಖವನ್ನು ನೋಡಿದೊಡನೆ ವೈದ್ಯನಿಗೆ ಒಂದು ಶಂಕೆ ಹುಟ್ಟುತ್ತದೆ. ಅರ್ಜಿಯನ್ನು ಓದುವಾಗಲೇ ಅಧಿಕಾರಿಗೆ ಒಂದು ಅಭಿಪ್ರಾಯ ಮೂಡುತ್ತದೆ. ಮಗನಿಗೆ ಯಾವ ವಿದ್ಯೆ ಒಗ್ಗುವುದೆಂದು ತಾಯಿಗೆ ಮನಸ್ಸು ಹೇಳುತ್ತದೆ. ಆಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದುದು ಇಷ್ಟು: ಈ ಹೊಳಹು ಯಾವ ಹೊಲದಲ್ಲಿ ಪಳಗಿದುದು? ನಾವು ತಪ್ಪಿದಾಗಲೆಲ್ಲ ನಮಗೆ ಅದು ತಿಳಿದುಬಂದಿತ್ತೆ, ಅಥವಾ ತಪ್ಪಿನ ಫಲವನ್ನು ಬೇರೆಯವರು ಉಂಡು ನಾವು ಅರಿಯದೆಹೋದೆವೆ? ಎದುರಿಗಿರುವ ಅಂಕೆಯನ್ನೂ ಇದೇ ರೀತಿ ಕೇಳಬೇಕು: ಇದನ್ನು ಯಾರು ತೂಗಿದರು, ಯಾವ ತಕ್ಕಡಿಯಲ್ಲಿ, ಯಾರ ಪಾಲಿನಿಂದ? ಉತ್ತರವು ಸಂದಿಗ್ಧವಾದರೆ, ತಿರುಗಿ ಬರಲು ದಾರಿಯಿರುವಷ್ಟು ಸಣ್ಣ ಹೆಜ್ಜೆಯನ್ನಿಟ್ಟು ನೋಡಬೇಕು.

೧೮೭೭ರಲ್ಲಿ ಕಲಾದಗಿಯ ಕಾಮಗಾರಿಗಳಿಗೆ ಬಂದು ನಿಂತವರಲ್ಲಿ ಹುನಗುಂದದ ಹಳ್ಳಿಗಳ ಒಕ್ಕಲಿಗರೂ ಇದ್ದಿರಲೇಬೇಕು. ಮಣ್ಣನ್ನು ಅಂಗೈಯಲ್ಲಿ ಹಿಡಿದು ಅದರ ತೇವವನ್ನು ಹೇಳಬಲ್ಲ ಜನ ಅವರು. ಒಂದು ಪೌಂಡು ಜೋಳವನ್ನು ಅದೇ ಅಂಗೈಯಲ್ಲಿ ಹಿಡಿದಾಗ ಅದು ಒಂದು ದಿನದ ದುಡಿಮೆಗೆ ಸಾಲದೆಂದು ಅವರಿಗೆ ತಿಳಿಯದೆ ಇದ್ದೀತೆ? ಅವರನ್ನು ಯಾರೂ ಕೇಳಲಿಲ್ಲ. ನಿರ್ಣಯಿಸುವ ಸ್ಥಾನದಲ್ಲಿ ಕುಳಿತವರು ಲೆಕ್ಕವನ್ನು ಬರೆಯುವುದಕ್ಕೆ ಮೊದಲು ಬಲ್ಲ ಕೈಯನ್ನು ಒಮ್ಮೆ ಕೇಳಲಿ. ಬಲ್ಲ ಕೈಯವರೂ ತಮ್ಮ ಹೊಲದಾಚೆಯ ಮಾತು ಬಂದಾಗ ಲೆಕ್ಕಕ್ಕೆ ಕಿವಿಗೊಡಲಿ. ಆ ಸೀಮೆಯ ಕರಿಯ ನೆಲದಿಂದ ನಾವು ಕಲಿಯಬೇಕಾದುದು ಇದು.